ಬಿರಡೆಗೆ ತಕ್ಕ ಮನೆ

ನಾಯಿ ಸಾಕುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಯಿ ಮಾರುವವರು ಇನ್ನೂ ಹೆಚ್ಚು. ನಾನು ಈ ಎರಡೂ ಗುಂಪಿಗೆ ಸೇರಿದವನಲ್ಲ. ನಾನು ಜವಾಬ್ದಾರಿಯುತ ಬ್ರೀಡರ್. ಇಂಥ ಮಾತನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು, ಬೇರೆಯವರು ಹೇಳಬೇಕು ಎಂಬುದು ನನಗೂ ಗೊತ್ತು. ಬೇರೆಯವರು ಹೇಳಲಿ ಎಂದು ಬಹಳ ದಿನ ಕಾದೆ. ಯಾರೂ ಬಾಯಿ ತೆರೆಯುವ ಲಕ್ಷಣ ಕಾಣದ್ದರಿಂದ ನಾನೇ ಒಂದು ಬೋರ್ಡು ಬರೆಸಿ ಗೇಟಿಗೆ ಹಾಕಿಸಿದೆ. 'ಬುಲ್‌ಡಾಗ್: ಮನೆಯಲ್ಲೇ, ಜವಾಬ್ದಾರಿಯಿಂದ' ಎಂದು ಅದರಲ್ಲಿದೆ.

ಹೊಟ್ಟೆಪಾಡಿಗೆ ಒಂದು ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಊರಿನ ಅರ್ಧ ಜನ ಲೋಕವನ್ನು ನೋಡುತ್ತಿರುವುದು ನಾನು ಕೂರಿಸಿಕೊಟ್ಟ ಗಾಜಿನಿಂದಲೇ. ಆದರೆ ನನ್ನ ನಿಜವಾದ ಕಸುಬು ಶುರುವಾಗುವುದು ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ. ಅಲ್ಲಿ ನಡುಮನೆಯಲ್ಲಿ, ಫ್ಯಾನಿನ ನೇರ ಕೆಳಗೆ, ಬೋಗುಣಿ ಮಲಗಿರುತ್ತಾಳೆ. ಅವಳ ಮುಖದ ಅಗಲ ನೋಡಿ ನನ್ನ ಹೆಂಡತಿ ಇಟ್ಟ ಹೆಸರು ಅದು. ಬೋಗುಣಿಗೆ ಗಂಡು ನೋಡುವ ಮೊದಲು ಅವಳ ಎದೆ, ಉಸಿರು, ಸೊಂಟದ ಮೂಳೆ ಎಲ್ಲವನ್ನೂ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ್ದೆ. ನನ್ನ ರಕ್ತದೊತ್ತಡವನ್ನು ಇವತ್ತಿಗೂ ಯಾರೂ ನೋಡಿಲ್ಲ ಎಂದು ಹೆಂಡತಿ ಆಗಾಗ ನೆನಪಿಸುತ್ತಾಳೆ. ನಾನು ಮರಿ ಹಾಕುವವನಲ್ಲವಲ್ಲ ಎಂದು ಸಮಾಧಾನ ಹೇಳುತ್ತೇನೆ.

ಬುಲ್‌ಡಾಗಿನ ತಲೆ ದೊಡ್ಡದು, ತಾಯಿಯ ಸೊಂಟ ಸಣ್ಣದು. ಹಾಗಾಗಿ ಹೆರಿಗೆ ಎಂದರೆ ಆಪರೇಷನ್ನೇ. ಆಪರೇಷನ್ ಮಾಡಿದವರು ನಾಯಿ ಡಾಕ್ಟರು, ಮರಿಗಳಿಗೆ ಹಾಲು ಕುಡಿಸಿ, ಒರೆಸಿ, ಬೆಚ್ಚಗೆ ಮಲಗಿಸಿ ಸಾಕಿದವಳು ನನ್ನ ಹೆಂಡತಿ, ಜವಾಬ್ದಾರಿ ಹೊತ್ತವನು ನಾನು. ನಾಲ್ಕು ಮರಿಗಳಲ್ಲಿ ಮೂರಕ್ಕೆ ಒಳ್ಳೆಯ ಮನೆ ಸಿಕ್ಕಿತು. ಉಳಿದವನು ಬಿರಡೆ. ಗಿಡ್ಡ, ದಪ್ಪ, ಎಲ್ಲಿ ಕೂರಿಸಿದರೆ ಅಲ್ಲೇ ಗಟ್ಟಿಯಾಗಿ ಕೂರುವ ಸ್ವಭಾವ. ಬುಲ್‌ಡಾಗಿನ ಮೂಗು ಪೂರ್ತಿ ಕಪ್ಪಾಗಿರಬೇಕು ಎಂದು ನಾಯಿ ಪ್ರದರ್ಶನದ ನಿಯಮ. ಬಿರಡೆಯ ಮೂಗಿನ ಮೇಲೆ ನಸುಗೆಂಪು ಮಚ್ಚೆಯೊಂದಿತ್ತು. ಪ್ರದರ್ಶನಕ್ಕೆ ಸಲ್ಲದ ಮರಿ ಎಂದಮೇಲೆ ಪ್ರೀತಿಯ ಮನೆಯೇ ಬೇಕಲ್ಲವೇ?

ಬಿರಡೆಯನ್ನು ಕೇಳಿಕೊಂಡು ಬಂದವರೆಲ್ಲರನ್ನೂ ನಾನು ತಿರಸ್ಕರಿಸಿದೆ. ಒಬ್ಬರಿಗೆ ಗೋದಾಮು ಕಾಯಲು ನಾಯಿ ಬೇಕಿತ್ತು. ಇನ್ನೊಬ್ಬರು ಬಿರಡೆಯ ಮುಖ ನೋಡಿ ನಕ್ಕರು. ಕೊನೆಗೆ ಬಂದವರೊಬ್ಬರು ನನ್ನ ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರವನ್ನೇ ಕೊಟ್ಟರು. ಇಷ್ಟು ಸರಿಯಾಗಿ ಉತ್ತರ ಕೊಡುವ ಮನುಷ್ಯನಲ್ಲಿ ಏನೋ ಐಬು ಇದ್ದೇ ಇರುತ್ತದೆ ಎಂದು ಅವರನ್ನೂ ಕಳಿಸಿಬಿಟ್ಟೆ.

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ನಿಮ್ಮನ್ನ ನೋಡೇ ಮಾಡಿದ್ದು," ಎಂದಳು ಹೆಂಡತಿ. "ನಮ್ಮಪ್ಪ ನಿಮ್ಮ ಬಗ್ಗೆ ಇದರಲ್ಲಿ ಕಾಲುಭಾಗ ವಿಚಾರಿಸಿದ್ರೂ ನಾನು ಈ ಮನೆಗೆ ಬರ್ತಿರಲಿಲ್ಲ."

"ಅದಕ್ಕೇ ನಾನು ವಿಚಾರಿಸೋದು," ಎಂದೆ.

"ಈ ಭಾನುವಾರ ಪ್ರದರ್ಶನ ಇದೆಯಲ್ಲ, ಅಷ್ಟರೊಳಗೆ ಬಿರಡೆಗೆ ಮನೆ ನೋಡಿ. ಇಲ್ಲದಿದ್ರೆ ಬಿರಡೇನ ನಾನು ಇಟ್ಕೊಂಡು ನಿಮಗೆ ಮನೆ ಹುಡುಕ್ತೀನಿ."

ಅದೇ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರು ಫೋನ್ ಮಾಡಿ ಮರಿ ಬೇಕೆಂದರು. ಮೊದಲು ಮನೆ ನೋಡಬೇಕು, ಈ ವಾರದಲ್ಲಿ ಯಾವಾಗ ಬೇಕಾದರೂ ಬರುತ್ತೇನೆ, ಯಾವಾಗ ಎಂದು ಹೇಳುವುದಿಲ್ಲ ಎಂದೆ. ಅವರು ಒಪ್ಪಿ, ಬೀದಿಯ ಗುರುತು ಹೇಳಿ, ಹಸಿರು ಗೇಟಿನ ಮನೆ ಎಂದರು.

ಮನೆ ನೋಡುವುದರಲ್ಲಿ ನನ್ನದೇ ಒಂದು ಪದ್ಧತಿ ಇದೆ. ಅಲ್ಲಿ ನಾನು ನಾಯಿ ಎಂಬ ಮಾತನ್ನೇ ಎತ್ತುವುದಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಎಂಥವರೂ ನಾಯಿಪ್ರಿಯರಾಗಿಬಿಡುತ್ತಾರೆ. ಹೇಳದೆ ಕೇಳದೆ ಹೋಗಬೇಕು, ಪ್ರದರ್ಶನಕ್ಕೆ ಹಾಕುವ ಕರಿ ಕೋಟು ಹಾಕಿಕೊಂಡು ಹೋಗಬೇಕು, ಜೇಬಿನಲ್ಲಿ ಅಳತೆಯ ಟೇಪು ಇರಬೇಕು, ಕೇಳುವುದನ್ನೆಲ್ಲ ಕೇಳಿ ಬಂದುಬಿಡಬೇಕು. ಇದು ಅನುಭವದಿಂದ ಬಂದ ಪದ್ಧತಿ. ಇದರಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ.

ನಾನು ಹೊರಟ ದಿನ ಬೆಳಿಗ್ಗೆ ಬೋಗುಣಿ ನನ್ನ ಕನ್ನಡಕದ ಮೇಲೆ ಕೂತಳು. ಬೋಗುಣಿ ಕೂತ ಮೇಲೆ ಕನ್ನಡಕ ಎನ್ನುವುದು ಉಳಿಯುವುದಿಲ್ಲ. ಇಡೀ ಊರಿಗೆ ಕನ್ನಡಕ ಕೊಟ್ಟವನು ಒಂದು ದಿನ ಕನ್ನಡಕವಿಲ್ಲದೆ ನಡೆಯಲಾರನೇ ಎಂದು ಹಾಗೆಯೇ ಹೊರಟೆ. ಬರಿಗಣ್ಣಿಗೆ, ಅದರಲ್ಲೂ ಬಣ್ಣ ಮಾಸಿದ ಗೇಟಿನ ಮೇಲೆ, ನೀಲಿಯೂ ಹಸಿರೂ ದಾಯಾದಿಗಳು. ಗೇಟಿನ ಪಕ್ಕದಲ್ಲಿ ಹೆಸರಿನ ಫಲಕ ಇತ್ತು. ಫಲಕ ಇದ್ದಮೇಲೆ ಡಾಕ್ಟರದೇ ಇರಬೇಕು ಎಂದು ಬೆಲ್ ಒತ್ತಿದೆ.

ಅದು ಹಲ್ಲಿನ ಡಾಕ್ಟರ ಮನೆಯಾಗಿರಲಿಲ್ಲ, ಅವರ ಪಕ್ಕದ ನೀಲಿ ಗೇಟಿನ ಮನೆ. ಅಲ್ಲಿದ್ದವರು ಟೈಲ್ಸ್ ಅಂಗಡಿಯ ಯಜಮಾನರು. ಈ ಸಂಗತಿ ನನಗೆ ಗೊತ್ತಾದದ್ದು ಭಾನುವಾರ. ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಓದುಗರನ್ನು ಕತ್ತಲಲ್ಲಿಡುವುದು ಜವಾಬ್ದಾರಿಯುತರ ಲಕ್ಷಣವಲ್ಲ. ಇನ್ನೊಂದು ಸಂಗತಿಯೂ ನನಗೆ ಗೊತ್ತಿರಲಿಲ್ಲ. ವಯಸ್ಸಾದ ತಂದೆತಾಯಿಯರನ್ನು ಮೂಲೆಗೆ ತಳ್ಳಿದವರ ಮನೆಗೆ ಅಧಿಕಾರಿಗಳು ಹೇಳದೆ ಕೇಳದೆ ನುಗ್ಗುತ್ತಾರಂತೆ ಎಂಬ ಸುದ್ದಿ ಆ ಬೀದಿಯಲ್ಲಿ ಹಬ್ಬಿತ್ತು. ಅಂದು ಬೆಳಿಗ್ಗೆಯೇ ಯಜಮಾನರ ತಾಯಿ, "ನಾನೂ ದೂರು ಬರೆದು ಹಾಕ್ತೀನಿ ನೋಡ್ತಿರು," ಎಂದು ಮಗನಿಗೆ ಹೇಳಿದ್ದರು.

ಬಾಗಿಲು ತೆರೆದವರು ಎತ್ತರದ ಆಳು, ಒಳ್ಳೆಯ ಹಲ್ಲು. ಡಾಕ್ಟರೇ ಎಂದು ಖಾತ್ರಿಯಾಯಿತು.

"ಪರಿಶೀಲನೆಗೆ ಬಂದಿದ್ದೀನಿ," ಎಂದೆ. "ಯಾವ ವಿಷಯ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ."

ಅವರ ಹಲ್ಲು ಮರೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮುಖ ಹೇಗಿರುತ್ತದೆಂದು ನನಗೆ ಆಮೇಲೆ ಹೊಳೆಯಿತು. ಆಗ ಮಾತ್ರ, ಮರಿಯ ಮೇಲೆ ಎಷ್ಟೊಂದು ಆಸೆ ಪಾಪ ಎಂದುಕೊಂಡೆ.

"ಯಾರೋ ಏನೋ ಹೇಳಿರ್ತಾರೆ ಸಾರ್, ಅದನ್ನೆಲ್ಲ ನಂಬಬೇಡಿ," ಎಂದರು.

"ನಾನು ಯಾರ ಮಾತೂ ನಂಬಲ್ಲ. ನನ್ನ ಕಣ್ಣನ್ನ ಮಾತ್ರ ನಂಬ್ತೀನಿ," ಎಂದು ಒಳಗೆ ಕಾಲಿಟ್ಟವನು ಜಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ನಮ್ಮ ಅಂಗಡೀದೇ ಸಾರ್, ಒಂದನೇ ನಂಬರ್ ಮಾಲು," ಎಂದರು. ಹಲ್ಲಿನ ಡಾಕ್ಟರಿಗೆ ಟೈಲ್ಸ್ ಅಂಗಡಿಯೂ ಇದೆಯೇ ಎಂದು ನನಗೆ ಒಂದು ಕ್ಷಣ ಅನುಮಾನ ಬಂತು. ಹಲ್ಲೂ ಟೈಲ್ಸೂ ನೋಡಲು ಒಂದೇ ಥರ ಇರುವುದರಿಂದ ಇರಬಹುದು ಎಂದು ಮುಂದೆ ಹೋದೆ.

"ಈ ನೆಲದ ಮೇಲೆ ಒಂದು ತಿಂಗಳು ಓಡಾಡಿದ್ರೆ ಸೊಂಟ ಹೋಗುತ್ತೆ. ಆಮೇಲೆ ಜೀವಮಾನವಿಡೀ ಎಳೆದುಕೊಂಡು ನಡೀಬೇಕು. ರಬ್ಬರ್ ಚಾಪೆ ಹಾಕಿಸಿ."

"ಒಂದನೇ ನಂಬರ್ ಟೈಲ್ಸ್ ಮೇಲೆ ರಬ್ಬರ್ ಚಾಪೆನಾ ಸಾರ್," ಎಂದರು, ಯಾರೋ ಸತ್ತ ಸುದ್ದಿ ಕೇಳಿದವರ ದನಿಯಲ್ಲಿ.

"ಗೋಡೆಯಿಂದ ಗೋಡೆಗೆ," ಎಂದೆ.

ಅಷ್ಟರಲ್ಲಿ ಅವರ ಹೆಂಡತಿ ಬಂದು ಬಾಗಿಲ ಹತ್ತಿರ ನಿಂತರು. ನಾನು ನೇರವಾಗಿ ವಿಷಯಕ್ಕೆ ಬಂದೆ. "ಹಗಲು ಹೊತ್ತು ಮನೇಲಿ ಯಾರಿರ್ತಾರೆ?"

"ಇಬ್ಬರೂ ಅಂಗಡಿಗೆ ಹೋಗ್ತೀವಿ ಸಾರ್. ಹೋಗುವಾಗ ಟಿವಿ ಹಾಕಿ ಹೋಗ್ತೀವಿ."

"ಟಿವಿ ನೋಡಿಕೊಳ್ಳುತ್ತಾ? ಬೆಳಗಿಂದ ಸಂಜೆವರೆಗೂ ಒಂಟಿಯಾಗಿ ಬಿಟ್ರೆ ಮನಸ್ಸು ಕೆಡುತ್ತೆ. ಒಬ್ಬರಾದ್ರೂ ಮಧ್ಯಾಹ್ನಕ್ಕೆ ಮನೆಗೆ ಬರಬೇಕು. ಗೊರಕೆ ಗೊತ್ತು ತಾನೇ? ಮೂಗಿನ ರಚನೇನೇ ಹಾಗೆ, ಜೋರಾಗೇ ಇರುತ್ತೆ. ಅದಕ್ಕೆ ಯಾರೂ ಬೇಜಾರು ಮಾಡ್ಕೋಬಾರದು."

ಗಂಡಹೆಂಡತಿ ಮುಖಮುಖ ನೋಡಿಕೊಂಡರು. "ಗೊರಕೆಗೇ ಸಾರ್ ಮೇಲಿನ ರೂಮಿಗೆ ಹಾಕಿದ್ದು," ಎಂದರು ಆಕೆ. ಗಂಡ ಆಕೆಯ ಕಾಲು ತುಳಿದರು.

ಹಾಕಿದ್ದು ಎಂದರೆ ಹಾಸಿಗೆ ಹಾಕಿ ಸಿದ್ಧ ಮಾಡಿದ್ದಾರೆ ಎಂದು ನಾನು ತಿಳಿದೆ. "ಮೇಲಿನ ರೂಮು ಎಲ್ಲಿ? ನೋಡೋಣ ನಡೀರಿ."

ಮೆಟ್ಟಿಲು ನಿಂತ ಏಣಿಯಂತಿದ್ದವು. ಮೇಲೆ ತಲುಪುವಷ್ಟರಲ್ಲಿ ನನಗೇ ಬುಲ್‌ಡಾಗಿನ ಉಸಿರು ಬಂತು. ತಾರಸಿಯ ಮೇಲೊಂದು ರೂಮು, ಮೇಲೆ ತಗಡು, ಒಂದೇ ಕಿಟಕಿ. ಒಳಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಇಟ್ಟ ಹಾಗೆ. ಮೂಲೆಯಲ್ಲಿ ಒಡೆದ ಟೈಲ್ಸ್ ಡಬ್ಬಗಳು, ಡಬ್ಬಗಳ ಪಕ್ಕದಲ್ಲಿ ಮಂಚ, ಮಂಚದ ಮೇಲೆ ಒಬ್ಬ ಅಜ್ಜಿ. ಅಜ್ಜಿ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮನೆಯ ಹಿರಿಯರು, ಒಂದು ಜೊಂಪು ನಿದ್ದೆಗೆ ಬಂದಿದ್ದಾರೆ ಎಂದುಕೊಂಡು ನಮಸ್ಕಾರ ಮಾಡಿದೆ.

"ಇಲ್ಲಿ ಸೆಕೆ ಆಗಲ್ವೇನಮ್ಮ?"

"ಆಗುತ್ತಪ್ಪ. ಯಾರಿಗೆ ಹೇಳ್ಲಿ? ಡಬ್ಬಗಳಿಗೆ ಹೇಳ್ತಿರ್ತೀನಿ," ಎಂದರು ಅಜ್ಜಿ.

ನಾನು ಟೇಪು ತೆಗೆದು ಕಿಟಕಿ ಅಳೆದೆ. ಅಳತೆ ನನಗೆ ಕಾಣಲಿಲ್ಲ, ಆದರೂ ತಲೆ ಅಲ್ಲಾಡಿಸಿದೆ. ಆಮೇಲೆ ಗಂಡಹೆಂಡತಿಯ ಕಡೆ ತಿರುಗಿ ತೀರ್ಪು ಹೇಳಿದೆ. "ಕಾಲು ಗಿಡ್ಡ, ಮೈ ಭಾರ, ಉಸಿರು ಸಣ್ಣದು. ಮೆಟ್ಟಿಲು ಆಗೋದೇ ಇಲ್ಲ. ಇಲ್ಲಿ ಇಟ್ಟರೆ ಒಂದು ಬೇಸಿಗೆ ದಾಟಲ್ಲ, ಆ ಪಾಪ ನಿಮ್ಮ ತಲೆಗೆ. ಕೆಳಗೆ, ತಣ್ಣಗಿರೋ ರೂಮಲ್ಲಿ, ನೀವು ಮಲಗೋ ಜಾಗದ ಹತ್ತಿರ ಮಲಗಿಸಬೇಕು. ಬೆಳಿಗ್ಗೆ ಬಿಸಿಲು ಬರೋ ಮೊದಲು ಹೊರಗೆ ಕರ್ಕೊಂಡು ಹೋಗಬೇಕು. ಊಟ ಹೊತ್ತಿಗೆ ಸರಿಯಾಗಿ ಕೊಡಬೇಕು, ಊಟ ಆದ್ಮೇಲೆ ಮುಖದ ಮಡಿಕೆಗಳನ್ನೆಲ್ಲ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು."

"ಒರೆಸೋದೂ ನಾವೇನಾ ಸಾರ್?" ಎಂದರು ಸೊಸೆ.

"ಮತ್ತೆ ಬೀದಿಯವರು ಬಂದು ಒರೆಸ್ತಾರಾ? ದಿನಕ್ಕೊಂದು ಸಲ ಹತ್ತಿರ ಕೂತು ಮಾತಾಡಿಸಬೇಕು. ಉತ್ತರ ಬರದಿದ್ರೂ ಮಾತಾಡಿಸಬೇಕು."

"ಉತ್ತರ ಬರುತ್ತೆ ಸಾರ್. ಬೇಕಾದಷ್ಟು ಬರುತ್ತೆ," ಎಂದರು ಯಜಮಾನರು ಮೆಲ್ಲಗೆ.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಎದ್ದು ಕೂತು, ನನ್ನ ಕೋಟಿನ ತೋಳಿನಿಂದ ಏನನ್ನೋ ಹೆಕ್ಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. "ಬಹಳ ಒಳ್ಳೆ ಅಧಿಕಾರಿಗಳು," ಎಂದರು ಮಗನಿಗೆ. ಜವಾಬ್ದಾರಿಯುತ ಬ್ರೀಡರನ್ನು ಕೊನೆಗೂ ಒಬ್ಬರು ಗುರುತಿಸಿದರು ಎಂದು ನನ್ನ ಎದೆ ತುಂಬಿತು.

"ಇನ್ನೊಂದು ಸಲ ಬರ್ತೀನಿ. ಯಾವತ್ತು ಅಂತ ಹೇಳಲ್ಲ," ಎಂದು ಇಳಿದು ಬಂದೆ.

ಎರಡು ದಿನ ಕಳೆದ ಮೇಲೆ ನನ್ನ ನಾದಿನಿ ಓಡಿಬಂದಂತೆ ಬಂದಳು. ಅವಳ ಮನೆ ಇರುವುದು ಆ ಬೀದಿಯ ಹಿಂದಿನ ಬೀದಿಯಲ್ಲಿ.

"ಅಕ್ಕ, ನಮ್ಮ ಕಡೆ ಒಬ್ಬ ಅಧಿಕಾರಿ ಬಂದಿದ್ದಾನಂತೆ. ಆರಡಿ ಎತ್ತರವಂತೆ, ಕಣ್ಣು ಕೆಂಡದ ಹಾಗಂತೆ. ಮನೆಗೆ ನುಗ್ಗಿ ವಯಸ್ಸಾದವರ ರೂಮು ಟೇಪು ಹಿಡಿದು ಅಳೀತಾನಂತೆ. ಟೈಲ್ಸ್ ಅಂಗಡಿಯವರನ್ನ ಅವರ ತಾರಸಿ ಮೇಲೇ ನಿಲ್ಲಿಸಿ, ಪಾಪ ನಿಮ್ಮ ತಲೆಗೆ ಅಂದನಂತೆ. ಪಾಪ, ಅವರು ರಾತ್ರೋರಾತ್ರಿ ತಾಯೀನ ಕೆಳಗೆ ಇಳಿಸಿದ್ರು. ನಾವೂ ನಮ್ಮ ಮಾವನವರನ್ನ ಹಿಂದಿನ ಶೆಡ್ಡಿಂದ ಮುಂದಿನ ರೂಮಿಗೆ ತಂದ್ವಿ. ಯಾಕೆ ಬೇಕು ಸುಮ್ನೆ."

"ಇಂಥ ಅಧಿಕಾರಿಗಳು ಬೇಕು," ಎಂದೆ ನಾನು, ಬೋಗುಣಿಯ ಉಗುರು ಕತ್ತರಿಸುತ್ತ. "ಕೆಲಸದಲ್ಲಿ ನಿಷ್ಠೆ ಅಂದ್ರೆ ಅದು. ನಾನೂ ಆ ಬೀದಿಗೆ ಹೋಗಿದ್ದೆ, ನನ್ನ ಕಣ್ಣಿಗೆ ಬೀಳಲಿಲ್ಲ."

ಹೆಂಡತಿ ನನ್ನ ಐದಡಿಯನ್ನೂ, ಕನ್ನಡಕವಿಲ್ಲದೆ ಉಜ್ಜಿ ಉಜ್ಜಿ ಕೆಂಪಾಗಿದ್ದ ಕಣ್ಣನ್ನೂ, ಮೊಳೆಗೆ ನೇತುಹಾಕಿದ್ದ ಕರಿ ಕೋಟನ್ನೂ ಒಂದಾದ ಮೇಲೊಂದು ನೋಡಿದಳು. "ನೀವು ಹೋಗಿದ್ದು ಹಲ್ಲಿನ ಡಾಕ್ಟರ ಮನೆಗೆ ತಾನೇ?" ಎಂದಳು.

"ಮತ್ತಿನ್ಯಾರ ಮನೆಗೆ ಹೋಗಲಿ?"

"ಏನಿಲ್ಲ. ಇನ್ನೊಂದು ಸಲ ಹೋಗುವಾಗ ಕನ್ನಡಕ ಹಾಕ್ಕೊಂಡು ಹೋಗಿ."

ಹೊಸ ಕನ್ನಡಕ ಮಾಡಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಪ್ರದರ್ಶನ ಹತ್ತಿರ ಬಂದಿತ್ತು. ಬೋಗುಣಿಗೆ ಹಗ್ಗ ಕಟ್ಟಿದ ರಿಂಗಿನಲ್ಲಿ ನಾಲ್ಕೂ ಕಾಲು ಊರಿ ಅಲ್ಲಾಡದೆ ನಿಲ್ಲುವುದನ್ನು ಕಲಿಸಬೇಕಿತ್ತು. ಅಲ್ಲಾಡದಿರುವುದು ಅವಳಿಗೆ ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಶುಕ್ರವಾರ ಸಂಜೆ ಅಂಗಡಿಯಿಂದ ಹಾಗೆಯೇ ಎರಡನೆಯ ಪರಿಶೀಲನೆಗೆ ಹೋದೆ.

ಗೇಟು ತೆರೆಯುವ ಮೊದಲೇ ಬಾಗಿಲು ತೆರೆಯಿತು. ಬಾಗಿಲಿನಿಂದ ಹಿತ್ತಲವರೆಗೂ ಕರಿ ರಬ್ಬರ್ ಚಾಪೆ. ಕೆಳಗಿನ ದೊಡ್ಡ ರೂಮಿನಲ್ಲಿ ಹೊಸ ಫ್ಯಾನು, ತಗ್ಗಾದ ಮೆತ್ತನೆಯ ಹಾಸಿಗೆ, ಕೈಗೆಟುಕುವ ಹಾಗೆ ನೀರಿನ ಪಾತ್ರೆ, ಕರೆಯಲು ಒಂದು ಗಂಟೆ. ಹಾಸಿಗೆಯ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಸೊಸೆ ಮೆತ್ತನೆಯ ಬಟ್ಟೆ ಹಿಡಿದು ನಿಂತಿದ್ದರು. ಇಷ್ಟು ತಯಾರಿ ಮಾಡಿದ ಮನೆಯನ್ನು ನನ್ನ ಅನುಭವದಲ್ಲೇ ಕಂಡಿರಲಿಲ್ಲ. ಮರಿಗಾಗಿ ಹಾಕಿದ ಹಾಸಿಗೆ ಸರಿಯಿದೆಯೇ ಎಂದು ಅಜ್ಜಿಯೇ ಮಲಗಿ ನೋಡುತ್ತಿರುವುದು ಕಂಡು ಮನಸ್ಸಿನಲ್ಲೇ ಪೂರ್ತಿ ಅಂಕ ಹಾಕಿದೆ.

"ಮಧ್ಯಾಹ್ನ ನಾನು ಮನೆಗೆ ಬರ್ತೀನಿ ಸಾರ್, ಇವಳು ಸಾಯಂಕಾಲ ಬೇಗ ಬರ್ತಾಳೆ," ಎಂದರು ಯಜಮಾನರು. "ದಿನಾ ಹತ್ತಿರ ಕೂತು ಮಾತಾಡಿಸ್ತಿದ್ದೀವಿ."

"ಹೇಗನ್ನಿಸ್ತಿದೆ?"

"ಮೊದಲ ದಿನ ಬೈಗುಳ. ಎರಡನೇ ದಿನ ನಾನು ಚಿಕ್ಕವನಿದ್ದಾಗಿನ ಕಥೆ. ನನಗೇ ಮರೆತುಹೋಗಿತ್ತು ಸಾರ್ ಅದೆಲ್ಲ."

ಅಭ್ಯಾಸಕ್ಕೆಂದು ತಾಯಿಯನ್ನೇ ಮಾತಾಡಿಸುತ್ತಿದ್ದಾರೆ, ಒಳ್ಳೆಯದೇ ಎಂದುಕೊಂಡೆ. ಅಷ್ಟರಲ್ಲಿ ಹೊರಗೆ ಗದ್ದಲ. ಗೇಟಿನ ಹತ್ತಿರ ಅಕ್ಕಪಕ್ಕದವರು ಸೇರಿದ್ದರು. ಒಬ್ಬರು ಅತ್ತೆಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಇನ್ನೊಬ್ಬರ ಅಜ್ಜ ಹೊಸ ಸ್ವೆಟರು ಹಾಕಿ ಬೆವರುತ್ತಿದ್ದರು.

"ನಮ್ಮನೆಗೂ ಬನ್ನಿ ಸಾರ್, ನಾವೂ ಚಾಪೆ ಹಾಕ್ಸಿದ್ದೀವಿ."

"ನಮ್ಮನೇಲಿ ಎರಡು ಫ್ಯಾನ್ ಸಾರ್. ಮುಖ ಮೂರು ಹೊತ್ತೂ ಒರೆಸ್ತೀವಿ, ಬೇಕಾದ್ರೆ ಮುಟ್ಟಿ ನೋಡಿ."

ಒಂದೇ ಬೀದಿಯಲ್ಲಿ ಬುಲ್‌ಡಾಗಿಗೆ ಇಷ್ಟು ಬೇಡಿಕೆ ಇರುವುದು ಕಂಡು ನಾನು ಬೆರಗಾದೆ. ಆದರೂ ಧೈರ್ಯಗೆಡಲಿಲ್ಲ. "ನೋಡಿ, ನನ್ನ ಹತ್ತಿರ ಇರೋದು ಒಂದೇ," ಎಂದೆ. "ಒಂದನ್ನ ಒಂದೇ ಮನೆಗೆ ಕೊಡೋಕೆ ಆಗೋದು. ಎಲ್ಲರನ್ನೂ ನೋಡಿದ್ದೀನಿ, ಈ ಮನೆ ಪಾಸು. ಭಾನುವಾರ ಬೆಳಿಗ್ಗೆ ದೊಡ್ಡ ಮೈದಾನದಲ್ಲಿ ಪ್ರದರ್ಶನ ಇದೆ. ಮನೆಯವರೆಲ್ಲ ಬನ್ನಿ. ಅಲ್ಲೇ, ಎಲ್ಲರ ಎದುರಿಗೆ, ನಿಮ್ಮ ಕೈಗೆ ಕೊಡ್ತೀನಿ."

ಯಜಮಾನರ ಹಲ್ಲು ಮತ್ತೆ ಕಾಣಿಸಿಕೊಂಡಿತು. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು, ಹೊಟ್ಟೆಯುರಿದುಕೊಂಡೇ ತಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ರಾತ್ರಿಯೊಳಗೆ ಟೈಲ್ಸ್ ಅಂಗಡಿಯವರಿಗೆ ಹಿರಿಯರ ಸೇವೆಗಾಗಿ ಊರಿಗೊಂದೇ ಪ್ರಶಸ್ತಿ ಬಂದಿದೆ ಎಂದು ಎರಡು ಬೀದಿಗೂ ಗೊತ್ತಾಗಿತ್ತು. ಇಷ್ಟೆಲ್ಲ ಆಗುವಾಗ ಪಕ್ಕದ ಹಸಿರು ಗೇಟಿನ ಹಲ್ಲಿನ ಡಾಕ್ಟರು ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ಹಲ್ಲು ಕೀಳುತ್ತಿದ್ದರು. ಕಾಂಪೌಂಡ್ ಗೋಡೆಯ ವಿಷಯದಲ್ಲಿ ಎರಡು ಮನೆಗೂ ಮಾತು ಬಿಟ್ಟು ವರ್ಷಗಳಾಗಿದ್ದವಂತೆ.

ಭಾನುವಾರದ ಪ್ರದರ್ಶನದಲ್ಲಿ ಬುಲ್‌ಡಾಗುಗಳ ಸರದಿ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ರಿಂಗಿನ ನಡುವೆ ತೀರ್ಪುಗಾರ್ತಿ ನಿಂತಿದ್ದರು. ಅವರು ನಗುವುದಿಲ್ಲ ಎಂದು ನಮ್ಮ ವಲಯದಲ್ಲಿ ಹೆಸರುವಾಸಿ. ಹೆಂಡತಿ ಬಿರಡೆಯನ್ನು ಹಿಡಿದು ಹಗ್ಗದ ಆಚೆ ನಿಂತಿದ್ದಳು. ನಾನು ಬೋಗುಣಿಯನ್ನು ಕರೆದುಕೊಂಡು ಒಂದು ಸುತ್ತು ಬಂದೆ. ಅರ್ಧ ಸುತ್ತು ಅವಳು ನಡೆದಳು, ಉಳಿದರ್ಧ ನಾನು ಎಳೆದೆ. ತೀರ್ಪುಗಾರ್ತಿ ಬೋಗುಣಿಯ ದವಡೆ ಬಿಡಿಸಿ ನೋಡುತ್ತಿರುವಾಗ ಹಿಂದಿನಿಂದ ಯಾರೋ ಜೋರಾಗಿ ಕೆಮ್ಮಿದರು.

ಟೈಲ್ಸ್ ಅಂಗಡಿಯವರು ಹೊಸ ಸೂಟು ಹಾಕಿಕೊಂಡು, ಹಗ್ಗ ದಾಟಿ, ಬಹುಮಾನದ ಮೆಟ್ಟಿಲುಗಳಲ್ಲಿ ಒಂದನೆಯದರ ಮೇಲೆ ಹತ್ತಿ ನಿಂತಿದ್ದರು. ಅವರ ಹಿಂದೆ ಕುರ್ಚಿಯ ಮೇಲೆ ಅಜ್ಜಿ, ಸೊಸೆ, ಫೋಟೋ ತೆಗೆಯುವವನು, ಹಗ್ಗದ ಆಚೆ ಅರ್ಧ ಬೀದಿ.

"ಪೂಜ್ಯರೇ," ಎಂದು ಅವರು ಶುರುಮಾಡಿದರು. "ನಮ್ಮ ತಾಯಿಯನ್ನು ನಾವು ನೋಡಿಕೊಂಡ ರೀತಿಯನ್ನು ಮೆಚ್ಚಿ..."

"ಇವರು ಯಾವ ವಿಭಾಗ?" ಎಂದು ತೀರ್ಪುಗಾರ್ತಿ ನನ್ನನ್ನು ಕೇಳಿದರು.

"ನನ್ನ ಕಡೆಯವರು. ಮರಿ ತಗೊಳ್ಳೋರು," ಎಂದೆ.

"ಮರಿ ಅಂದ್ರೆ?" ಎಂದರು ಟೈಲ್ಸ್ ಅಂಗಡಿಯವರು ಮೆಟ್ಟಿಲ ಮೇಲಿಂದ.

ಆ ಹೊತ್ತಿಗೆ ಜನರನ್ನು ತಳ್ಳಿಕೊಂಡು ಸಣ್ಣಗಿನ ಮನುಷ್ಯರೊಬ್ಬರು ಬಂದರು. "ನೀವೇ ತಾನೇ ಬುಲ್‌ಡಾಗ್ ಬ್ರೀಡರ್? ನಾನು ಹಲ್ಲಿನ ಡಾಕ್ಟರು. ವಾರವಿಡೀ ಮನೆ ಒರೆಸಿ ಒರೆಸಿ ಕಾದೆ. ನಮ್ಮ ಮನೆ ನೋಡೋಕೆ ಯಾಕೆ ಬರಲಿಲ್ಲ?"

ನಾನು ಇವರನ್ನೂ ನೋಡಿದೆ, ಮೆಟ್ಟಿಲ ಮೇಲಿದ್ದವರನ್ನೂ ನೋಡಿದೆ. ಹೆಂಡತಿ ಎಲ್ಲಿಂದಲೋ ಒಂದು ಹಳೆಯ ಕನ್ನಡಕ ತೆಗೆದು ನನ್ನ ಕೈಗಿಟ್ಟಳು. ಹಾಕಿಕೊಂಡೆ. ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಂಡಿತು.

"ಹಾಗಾದ್ರೆ ನೀವು ಅಧಿಕಾರಿ ಅಲ್ವಾ?" ಎಂದರು ಟೈಲ್ಸ್ ಅಂಗಡಿಯವರು.

"ನಾನು ಯಾವತ್ತೂ ಹಾಗೆ ಹೇಳಿಲ್ಲ," ಎಂದೆ. ಇದು ನಿಜ.

"ನಾಯಿಗೆ... ನೀವು ಕೇಳಿದ್ದೆಲ್ಲ ಒಂದು ನಾಯಿಗೆ?" ಅವರ ಮುಖ ಕಪ್ಪಿಟ್ಟಿತು. ಬೀದಿಯವರಲ್ಲಿ ಯಾರೋ ಕಿಸಕ್ಕೆಂದರು. ನಗು ಹಗ್ಗದ ಉದ್ದಕ್ಕೂ ಹಬ್ಬಿತು. ಅವರು ಮೆಟ್ಟಿಲಿಂದ ಇಳಿದು ತಾಯಿಯ ಕುರ್ಚಿಯ ಹತ್ತಿರ ಬಂದರು. "ಏಳಮ್ಮ. ಊರ ಮುಂದೆ ಮರ್ಯಾದೆ ಹೋಗಿದ್ದು ಸಾಕು. ಸಾಯಂಕಾಲ ಸಾಮಾನೆಲ್ಲ ಮೇಲಕ್ಕೆ. ಚಾಪೆಗಳನ್ನೂ ಕಿತ್ತು ಹಾಕ್ತೀನಿ."

ಅಜ್ಜಿ ಏಳಲಿಲ್ಲ. ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಒಂದೇ ಒಂದು ಬಿಳಿಯ ಗಿಡ್ಡ ಕೂದಲಿತ್ತು.

"ನನಗೆ ಆವತ್ತೇ ಗೊತ್ತಿತ್ತು ಕಣಪ್ಪ," ಎಂದರು. "ಯಾವ ಅಧಿಕಾರಿ ಕೋಟಿನ ತುಂಬ ನಾಯಿ ಕೂದಲು ಅಂಟಿಸ್ಕೊಂಡು ಬರ್ತಾನೆ? ಜೇಬಿಂದ ನಾಯಿ ಬಿಸ್ಕತ್ತಿನ ವಾಸನೆ ಬೇರೆ ಬರ್ತಿತ್ತು. ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ಮನಿದ್ದೆ."

"ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ?"

"ಕೆಳಗಿನ ರೂಮಲ್ಲಿ ನಿದ್ದೆ ಬರ್ತಿತ್ತು. ನೀನು ಮಧ್ಯಾಹ್ನ ಮನೆಗೆ ಬರ್ತಿದ್ದೆ. ಯಾರಿಗೆ ಏನು ಅಂತ ಹೇಳ್ಲಿ?"

ನಗುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಹೊಸ ಸ್ವೆಟರಿನ ಅಜ್ಜ ಮಾತ್ರ ಕೈಯೆತ್ತಿ ಹಣೆ ಒರೆಸಿಕೊಂಡರು. ಆ ಅಜ್ಜಿ ಮತ್ತೆ ಆ ತಗಡಿನ ಕೆಳಗೆ ಹೋಗುತ್ತಾರಲ್ಲ ಎಂಬುದನ್ನೇ ನಾನು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು, "ಹೋಗ್ಲಿ ಬಿಡಿ, ಮರಿ ನನ್ನದು ತಾನೇ?" ಎಂದು ಸುತ್ತ ನೋಡಿದರು. ಬಿರಡೆ ನನ್ನ ಹೆಂಡತಿಯ ಕೈಯಲ್ಲಿರಲಿಲ್ಲ. ಅವನು ಹಗ್ಗದ ಕೆಳಗೆ ನುಸುಳಿ, ಅಜ್ಜಿಯ ಕಾಲಿನ ಮೇಲೆ ಗದ್ದವಿಟ್ಟು ಮಲಗಿ, ಇಡೀ ರಿಂಗಿಗೆ ಕೇಳುವಂತೆ ಗೊರಕೆ ಹೊಡೆಯುತ್ತಿದ್ದ.

ನಾನು ಕೋಟಿನ ಗುಂಡಿ ಹಾಕಿಕೊಂಡೆ. ಇಂಥ ಹೊತ್ತಿನಲ್ಲೇ ಮನುಷ್ಯನ ಜವಾಬ್ದಾರಿ ತಿಳಿಯುವುದು.

"ಡಾಕ್ಟರೇ, ಹಗಲು ಹೊತ್ತು ಮನೇಲಿ ಯಾರಿರ್ತಾರೆ?"

"ಯಾರೂ ಇಲ್ಲ. ನಾನು ಕ್ಲಿನಿಕ್ಕಲ್ಲಿ..."

"ಫೇಲು," ಎಂದೆ. ಅಜ್ಜಿಯ ಎದುರು ಹೋಗಿ ನಿಂತೆ. "ಅಮ್ಮ, ಹಗಲು ಹೊತ್ತು ಮನೇಲಿ ಯಾರಿರ್ತಾರೆ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಯಿತು. "ನಾನಿರ್ತೀನಪ್ಪ. ಎಲ್ಲಿಗೆ ಹೋಗ್ಲಿ?"

"ಗೊರಕೆಗೆ ಬೇಜಾರಿಲ್ವಾ?"

"ನನ್ನ ಗೊರಕೆಗೆ ಇವನಿಗೆ ಬೇಜಾರಿಲ್ದಿದ್ರೆ ಸರಿ."

"ಬೆಳಿಗ್ಗೆ ಹೊರಗೆ ಕರ್ಕೊಂಡು ಹೋಗೋದು?"

"ನಾನು ಹೋಗ್ತೀನಿ," ಎಂದರು ಸೊಸೆ. ಆಕೆ ಅಷ್ಟರಲ್ಲೇ ಬಗ್ಗಿ, ಕೈಯಲ್ಲಿದ್ದ ಮೆತ್ತನೆಯ ಬಟ್ಟೆಯಿಂದ ಬಿರಡೆಯ ಮುಖದ ಮಡಿಕೆ ಒರೆಸುತ್ತಿದ್ದರು. ಅಭ್ಯಾಸವಾಗಿತ್ತು.

"ಮೆಟ್ಟಿಲು ಹತ್ತೋ ಹಾಗಿಲ್ಲ. ಬಿಸಿ ರೂಮು ಆಗಲ್ಲ. ಯಾರ ಜೊತೆ ಇರ್ತಾನೋ ಅವರ ಹತ್ತಿರವೇ ಮಲಗಬೇಕು. ಎಲ್ಲಿ ಮಲಗ್ತೀರಿ?"

"ಅದನ್ನ ನನ್ನನ್ನ ಕೇಳಿದ್ರೆ ಹೇಗೆ," ಎಂದರು ಅಜ್ಜಿ. "ನನ್ನ ಮಗನ್ನ ಕೇಳಿ."

ಇಡೀ ಮೈದಾನ ಟೈಲ್ಸ್ ಅಂಗಡಿಯವರ ಕಡೆ ತಿರುಗಿತು. ಬೀದಿಯವರು ನೋಡಿದರು, ತೀರ್ಪುಗಾರ್ತಿ ನೋಡಿದರು, ಬೋಗುಣಿ ಕೂಡ ಒಂದು ಕಣ್ಣು ತೆರೆದು ನೋಡಿದಳು. ಅವರ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಭಾಷಣವನ್ನು ಮಡಿಸಿ ಮಡಿಸಿ ಸಣ್ಣದು ಮಾಡಿ ಜೇಬಿಗೆ ತುರುಕಿದರು. ಆಮೇಲೆ ತಾಯಿಯ ಕಾಲಿನ ಹತ್ತಿರ ಕೂತು, ಬಿರಡೆಯ ತಲೆಯನ್ನು ಎತ್ತಿ, ತಾಯಿಯ ಕಾಲು ಜೋಮು ಹಿಡಿಯದ ಹಾಗೆ ಸ್ವಲ್ಪ ಸರಿಸಿ ಇಟ್ಟರು.

"ಕೆಳಗೆ," ಎಂದರು.

"ಪಾಸು," ಎಂದೆ. ಅಂದು ಬೋಗುಣಿಗೆ ತೃತೀಯ ಬಹುಮಾನ ಬಂತು. ಸ್ಪರ್ಧೆಯಲ್ಲಿ ಒಟ್ಟು ಎಷ್ಟು ಬುಲ್‌ಡಾಗುಗಳಿದ್ದವು ಎಂಬುದು ಇಲ್ಲಿ ಅಪ್ರಸ್ತುತ. ರಿಬ್ಬನ್ ಕಟ್ಟುವಾಗ ತೀರ್ಪುಗಾರ್ತಿ ನಕ್ಕರು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ನಾನು ಕೊಟ್ಟ ಮರಿಗಳನ್ನು ಹೇಳದೆ ಕೇಳದೆ ಹೋಗಿ ನೋಡಿ ಬರುವುದು ನನ್ನ ಷರತ್ತುಗಳಲ್ಲೊಂದು. ಅದರಂತೆ ಆ ಮನೆಗೆ ಆಗಾಗ ಹೋಗುತ್ತೇನೆ. ಕನ್ನಡಕ ಹಾಕಿಕೊಂಡೇ ಹೋಗುತ್ತೇನೆ, ಆದರೂ ಗೇಟು ನನಗೆ ಹಸಿರಾಗಿಯೇ ಕಾಣುತ್ತದೆ. ಚಾಪೆಗಳು ಹಾಗೇ ಇವೆ. ತಾರಸಿಯ ರೂಮಿನಲ್ಲಿ ಡಬ್ಬಗಳು ಮಾತ್ರ ಇವೆ. ಕೆಳಗಿನ ರೂಮಿನಲ್ಲಿ ಫ್ಯಾನಿನ ಕೆಳಗೆ ಇಬ್ಬರೂ ಮಲಗಿರುತ್ತಾರೆ, ಯಾರ ಗೊರಕೆ ಯಾವುದೆಂದು ಹೇಳಲಾಗುವುದಿಲ್ಲ. ಕಳೆದ ಸಲ ಹೋದಾಗ ಟೈಲ್ಸ್ ಅಂಗಡಿಯವರು ಮಧ್ಯಾಹ್ನದ ಊಟಕ್ಕೆ ಬಂದವರು ತಾಯಿಯ ಪಕ್ಕದಲ್ಲೇ ಕೂತಿದ್ದರು. ನನ್ನನ್ನು ಕಂಡು ಬಾಗಿಲವರೆಗೂ ಬಂದು ದನಿ ತಗ್ಗಿಸಿ ಕೇಳಿದರು.

"ಅಧಿಕಾರಿಗಳೇ, ಈ ಪರಿಶೀಲನೆ ಇನ್ನೂ ಎಷ್ಟು ದಿನ?"

ನಾನು ಒಳಗೆ ಕಿವಿಗೊಟ್ಟೆ.

"ಎರಡೂ ಗೊರಕೆ ಕೇಳಿಸೋವರೆಗೂ," ಎಂದೆ.